ಏಳನೆಯ ತಿರುವಿನಲ್ಲಿ ಯಾರೂ ಕರೆಯಲಿಲ್ಲ

"ಆಗುಂಬೆ ಘಾಟಿಯ ಏಳನೆಯ ತಿರುವಿನಲ್ಲಿ ದೇವರು ಇನಾಸನನ್ನು ಹೆಸರು ಹಿಡಿದು ಮೂರು ಸಲ ಕರೆದರು, ಅವನು ಲಾರಿಯಿಂದ ಇಳಿದ, ಲಾರಿ ಪ್ರಪಾತಕ್ಕೆ ಉರುಳಿತು, ಅಂದಿನಿಂದ ಅವನು ತನ್ನ ಬದುಕನ್ನು ಸಾಯುವವರ ಸೇವೆಗೆ ಮುಡಿಪಿಟ್ಟ."

ಪಾದ್ರಿಗಳಾಗಲು, ಕನ್ಯಾಸ್ತ್ರೀಯರಾಗಲು ಯುವಜನರನ್ನು ಹುರಿದುಂಬಿಸುವ ದೈವಕರೆಯ ಭಾನುವಾರ ಬಂತೆಂದರೆ ಹೊಸನಗರದ ಚರ್ಚಿನಲ್ಲಿ ಈ ಕಥೆಯನ್ನು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಹೇಳುವವರ ಬಗ್ಗೆ ನನಗೆ ಅಗೌರವವಿಲ್ಲ, ಕಥೆಯ ಬಗ್ಗೆ ಇದೆ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಸಾಗರದ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತ, ಪರರ ಲಗ್ನಪತ್ರಿಕೆಗಳನ್ನೂ ಸಹಕಾರ ಸಂಘದ ವಾರ್ಷಿಕ ವರದಿಗಳನ್ನೂ ಕನ್ನಡಿಯೊಳಗಿನ ಬಿಂಬದಂತೆ ಹಿಂದುಮುಂದಾಗಿ ಓದಿಯೇ ವಿದ್ಯಾವಂತನಾದ ನನ್ನಂಥವನಿಗೆ, ಓದುಗ ಮಿತ್ರರೇ, ಯಾವ ವಾಕ್ಯವನ್ನೂ ನೇರವಾಗಿ ನಂಬುವ ಅಭ್ಯಾಸವಿಲ್ಲ. ಒಮ್ಮೆ ಮಗುಚಿ ನೋಡದಿದ್ದರೆ ಕಣ್ಣಿಗೆ ಸಮಾಧಾನವಿಲ್ಲ.

ಮಗುಚಿದಾಗ ಕಂಡದ್ದು ಇಷ್ಟು. ಇನಾಸ ನನ್ನ ಬಾಲ್ಯದ ಗೆಳೆಯ. ಯೌವನದಲ್ಲಿ ಕೆಲವು ಕಾಲ ಲಾರಿಯ ಕ್ಲೀನರ್ ಆಗಿದ್ದದ್ದು ನಿಜ, ಏಳನೆಯ ತಿರುವಿನಲ್ಲಿ ಇಳಿದದ್ದೂ ನಿಜ. ಆದರೆ ಅವನನ್ನು ಇಳಿಸಿದ್ದು ಪರಮಾತ್ಮನಲ್ಲ, ಪಿತ್ತ. ರಸ್ತೆಯಂಚಿನಲ್ಲಿ ಕುಕ್ಕರಿಸಿ ವಾಂತಿ ಮಾಡುತ್ತಿದ್ದವನನ್ನು ಕಾದು ಕಾದು ಬೇಸತ್ತ ಡ್ರೈವರ್ ಲಾರಿಯನ್ನು ಹೊರಡಿಸಿಕೊಂಡು ಹೋದ. ಅದು ಉರುಳಲೂ ಇಲ್ಲ; ಇನಾಸ ಹೊಸನಗರದಲ್ಲಿ ಪಂಕ್ಚರ್ ಅಂಗಡಿ ತೆರೆದ ಮೇಲೆ ಅದೇ ಲಾರಿ ಬಹುವರ್ಷ ಅವನ ಬಾಗಿಲಿಗೇ ಬಂದು ಟಯರು ತೋರಿಸಿಕೊಂಡು ಹೋಗುತ್ತಿತ್ತು. ಪ್ರಪಾತದಿಂದ ಎದ್ದು ಬಂದ ಲಾರಿಗೆ ಪಂಕ್ಚರ್ ಹಾಕಿದವನು ಕ್ರೈಸ್ತಲೋಕದಲ್ಲಿ ಬಹುಶಃ ಅವನೊಬ್ಬನೇ.

ಹಾಗಾದರೆ ಅವನು ಸಾಯುವವರ ಬಳಿಗೆ ಹೋಗಲು ತೊಡಗಿದ್ದು ಹೇಗೆ? ಕೊಂಕಣಿ ಮಾತಾಡುವ ನಮ್ಮ ಮನೆಗಳಲ್ಲಿ ಒಂದು ಪದ್ಧತಿಯಿದೆ. ಜೀವ ಹೋಗುವ ಹೊತ್ತಿಗೆ ಯಾರಾದರೊಬ್ಬರು ಬಗ್ಗಿ, ಸಾಯುವವರ ಕಿವಿಯಲ್ಲಿ 'ಜೆಜು, ಮರಿ, ಜುಜೆ' ಎಂದು ಯೇಸು, ಮರಿಯಮ್ಮ, ಜೋಸೆಫರ ಹೆಸರನ್ನು ಉಸಿರು ನಿಲ್ಲುವ ತನಕ ಹೇಳುತ್ತಿರಬೇಕು. ಅಂಗಡಿಯ ಹಿಂದಿನ ಮನೆಯ ಸೆರಫಿನ್ ಬಾಯಿಯ ಗಂಡ ಹಾಸಿಗೆ ಹಿಡಿದಿದ್ದ ಕಾಲ. ಒಂದು ಬೆಳಿಗ್ಗೆ ಆಕೆ ಅಂಗಡಿಗೆ ಬಂದು, ಗಂಡನನ್ನು ಮಗ್ಗುಲು ಹೊರಳಿಸಲು ತನ್ನೊಬ್ಬಳಿಂದ ಆಗುತ್ತಿಲ್ಲವೆಂದಳು. ಇನಾಸ ಟ್ಯೂಬನ್ನು ನೀರಿನ ತೊಟ್ಟಿಯಲ್ಲೇ ಬಿಟ್ಟು ಹೋದ. ಹೊರಳಿಸಿದ ಮೇಲೆ ರೋಗಿಯ ಉಸಿರಿನ ಲಯ ಬೇರೆಯಾಯಿತು, ಕೊನೆಯ ಗಳಿಗೆ ಬಂತು. ಪ್ರಾರ್ಥನೆ ಹೇಳಿಸುವ ಉಪದೇಶಿ ಊರಲ್ಲಿರಲಿಲ್ಲ, ಹೆಂಡತಿ ಬಿಕ್ಕಿ ಅಳುತ್ತಿದ್ದಳು. ಗ್ರೀಸಿನ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಇನಾಸ ಬಗ್ಗಿದ. ಅಷ್ಟೇ. ಹೊರಗೆ ಟ್ಯೂಬಿನ ಮಾಲೀಕ ಸೈಕಲ್ ಬೆಲ್ ಬಾರಿಸುತ್ತಿದ್ದನಂತೆ. ಆ ಪ್ರಸಂಗದಲ್ಲಿ ಯಾವುದಾದರೂ ಅಶರೀರವಾಣಿ ಮೊಳಗಿದ್ದರೆ ಅದೊಂದೇ.

ಅಲ್ಲಿಂದ ಮುಂದೆ, ಸಾವು ಹೊಸ್ತಿಲಿಗೆ ಬಂದ ಮನೆಗಳವರು ಇನಾಸನಿಗೆ ಹೇಳಿಕಳಿಸತೊಡಗಿದರು. ಅವನು ಗೊಣಗದೆ ಹೋದದ್ದನ್ನು ನಾನು ಕಂಡಿಲ್ಲ, ಹೋಗದೆ ಉಳಿದದ್ದನ್ನೂ ಕಂಡಿಲ್ಲ. ಪ್ರವಚನಗಳಲ್ಲಿ ಬರದ ಇನ್ನೊಂದು ಸಂಗತಿಯನ್ನು ನಾನಿಲ್ಲಿ ಹೇಳಬೇಕು. ಇಂಥ ಸೇವೆಗೆ ಇಹಲೋಕದಲ್ಲಿ ದೊರಕುವ ಪ್ರತಿಫಲವೆಂದರೆ ಅಪಶಕುನವೆಂಬ ಬಿರುದು. ಅವನ ಸೈಕಲ್ಲು ಯಾವ ಮನೆಯ ಮುಂದೆ ನಿಂತರೂ ನೆರೆಯವರು ದನಿ ತಗ್ಗಿಸುತ್ತಿದ್ದರು. ಬರಿಯ ಜ್ವರದಿಂದ ಮಲಗಿದ ನೆಂಟನನ್ನು ಕಾಣಲು ಅವನೊಮ್ಮೆ ಕಿತ್ತಳೆ ಹಿಡಿದು ಹೋಗಿದ್ದಾಗ, ಬಾಗಿಲಲ್ಲಿ ಅವನ ಮುಖ ಕಂಡದ್ದೇ ರೋಗಿ ದಡಕ್ಕನೆ ಎದ್ದು ಕುಳಿತು, "ಎಂಥಕ್ಕೆ ಬಂದೆ? ನಂಗೆ ಬರೀ ಜ್ವರ ಮಾರಾಯ" ಎಂದು ದೀನನಾಗಿ ವಾದಿಸಿದನಂತೆ. ಇದನ್ನು ನನಗೆ ಹೇಳಿ ಇನಾಸ ನಕ್ಕ, ನಾನೂ ನಕ್ಕೆ. ಆಮೇಲೆ ಅವನು ಯಾರಿಗೂ ಕಿತ್ತಳೆ ಒಯ್ಯಲಿಲ್ಲ. ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸಿಗೆ ಅವನನ್ನು ಕರೆಯುವುದು ಮರೆತುಹೋಗುತ್ತಿತ್ತು. ಅವನಿಗೆ ಹೆಣ್ಣು ನೋಡುವುದೂ ಹಾಗೆಯೇ ಎಲ್ಲರಿಗೂ ಮರೆತುಹೋಯಿತು.

ಮುದ್ರಣಾಲಯದಲ್ಲಿ ಪದೇ ಪದೇ ಬೇಕಾಗುವ ಸಾಲುಗಳ ಮೊಳೆಗಳನ್ನು ಬಿಚ್ಚದೆ ದಾರದಿಂದ ಕಟ್ಟಿ ಎತ್ತಿಡುತ್ತಿದ್ದೆವು. ಕ್ರೈಸ್ತರ ಮರಣವಾರ್ತೆಗೆಂದು ನಾನು ಕಟ್ಟಿಟ್ಟಿದ್ದ ಸಾಲು 'ದೇವರ ಕರೆಗೆ ಓಗೊಟ್ಟು' ಎಂಬುದು. ಸತ್ತವರು ಸಜ್ಜನರಾಗಿರಲಿ, ಸಾರಾಯಿ ಕಂಟ್ರಾಕ್ಟರಾಗಿರಲಿ, ಆ ಗಂಟು ಬಿಚ್ಚುವ ಪ್ರಮೇಯ ಬರಲಿಲ್ಲ. ಧರ್ಮಸಭೆಯ ಲೆಕ್ಕದಲ್ಲಿ ದೇವರು ಕರೆಯುವುದು ಗುರುಗಳಾಗುವವರನ್ನು, ಕನ್ಯಾಸ್ತ್ರೀಯರಾಗುವವರನ್ನು, ಮತ್ತು ಹೆಣವಾಗುವವರನ್ನು ಮಾತ್ರ. ನಡುವಿನ ಮಿಕ್ಕೆಲ್ಲರೂ ಗೋಪುರದ ಗಂಟೆ ಕೇಳಿ ಬಂದು ಬೆಂಚು ತುಂಬುವವರು. ಹೀಗೆಂದು, ಹೊಸನಗರಕ್ಕೆ ಹೋದಾಗಲೆಲ್ಲ ಅಲ್ಲಿನ ಚರ್ಚಿನ ಕೊನೆಯ ಬೆಂಚಿನಲ್ಲಿ, ಬಾಗಿಲಿಗೆ ಅತ್ಯಂತ ಸಮೀಪದಲ್ಲಿ ಕುಳಿತು ಚಿಂತಿಸುತ್ತಿದ್ದ ನಾನು, ನನ್ನ ಸಂಶಯಕ್ಕೂ ಒಂದು ಪೀಠ ದೊರಕಿತೆಂಬಂತೆ ಹಿಗ್ಗುತ್ತಿದ್ದೆ. ಇನಾಸ ಮಾತ್ರ ಹಿಗ್ಗುತ್ತಿರಲಿಲ್ಲ. ಏಳನೆಯ ತಿರುವಿನ ಕಥೆ ಚರ್ಚಿನಲ್ಲಿ ಕೇಳಿದಾಗಲೆಲ್ಲ ಅವನು ತಲೆ ತಗ್ಗಿಸುತ್ತಿದ್ದ. ಜನ ಅದನ್ನು ವಿನಯವೆಂದು ತಿಳಿದರು.

ಹೋದ ನವೆಂಬರಿನಲ್ಲಿ ಅವನನ್ನು ತೀರ್ಥಹಳ್ಳಿಯ ಆಸ್ಪತ್ರೆಯಿಂದ ಇನ್ನು ಮಾಡುವುದೇನೂ ಇಲ್ಲವೆಂದು ಮನೆಗೆ ಕಳುಹಿಸಿದರು. ಆಗ ಎದ್ದ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ: ಇನಾಸನ ಕಿವಿಯಲ್ಲಿ ಯಾರು ಹೇಳುವುದು? ಅವನ ಹಾಸಿಗೆಯ ಬಳಿ ಬಗ್ಗಿದವರಿಗೇ ಅವನ ಬಿರುದು ಅಂಟುವುದೆಂಬ ಅಂಜಿಕೆ ಎಲ್ಲರಿಗೂ ಇತ್ತು. ಹಣ್ಣು ತಂದರು, ಗಂಜಿ ತಂದರು, ಬಾಗಿಲಿನಿಂದಲೇ ಮಾತಾಡಿಸಿ ಹೋದರು. ದಿನವಿಡೀ ಅಲ್ಲಿದ್ದವಳು ವೃದ್ಧೆಯಾದ ಸೆರಫಿನ್ ಬಾಯಿ ಒಬ್ಬಳೇ. ಆಕೆಯೇ ನನಗೆ ಫೋನು ಮಾಡಿ, "ಪ್ರೆಸ್ಸಿನವ್ರೇ, ಇವತ್ತೇ ಬಸ್ ಹತ್ತಿ. ನಂಗೆ ಬಗ್ಗಕ್ಕೆ ಸೊಂಟ ಇಲ್ಲ" ಎಂದಳು.

ಸಾಗರದಿಂದ ಹೊಸನಗರಕ್ಕೆ ಹೋಗುವ ದಾರಿಯುದ್ದಕ್ಕೂ ನಾನು ನೆವ ಹುಡುಕಿದೆ. ನಂಬಿಕೆ ಗಟ್ಟಿಯಿಲ್ಲದವನು ಆ ಹೆಸರುಗಳನ್ನು ಹೇಳಿದರೆ ಅದು ಕಳ್ಳ ರುಜುವಲ್ಲವೇ ಎಂಬುದು ಅವುಗಳಲ್ಲಿ ಅತ್ಯಂತ ಘನವಾದದ್ದು; ಸಂಜೆ ಹಿಂದಿರುಗಲು ಬಸ್ಸಿಲ್ಲವೆಂಬುದು ಅತ್ಯಂತ ಪ್ರಾಮಾಣಿಕವಾದದ್ದು.

ಇನಾಸನಿಗೆ ಇನ್ನೂ ಮಾತಿತ್ತು. ಸೆರಫಿನ್ ಬಾಯಿ ಗಂಜಿ ತರಲು ಹೋದಾಗ ನನ್ನನ್ನು ಹತ್ತಿರ ಕರೆದ.

"ನನ್ನನ್ನ ಯಾರೂ ಕರೀಲಿಲ್ಲ ಮಾರಾಯ. ಅಷ್ಟು ಜನದ ಕಿವೀಲಿ ಹೇಳ್ದೆ. ನನ್ ಕಿವೀಲಿ ಯಾರೂ ಏನೂ ಹೇಳಲಿಲ್ಲ. ಇವ್ರೆಲ್ಲ ಘಾಟಿ ಕಥೆ ಹೇಳ್ವಾಗ ನಾನು ಸುಮ್ನೆ ಕೂತೆ. ಅಲ್ಲಿ ಮೇಲೆ ಕೇಳಿದ್ರೆ ಎಂಥ ಹೇಳ್ಲಿ?"

ಸಾಂತ್ವನದ ವಾಕ್ಯಗಳನ್ನು ನಾನು ಜೀವಮಾನವಿಡೀ ಜೋಡಿಸಿದ್ದೇನೆ, ಒಂದೂ ನೆನಪಾಗಲಿಲ್ಲ. "ಸೆರಫಿನ್ ಬಾಯಿ ಕರೆದ್ರಲ್ಲ" ಎಂದೆ.

"ಅವ್ರು ಕರೆದಿದ್ದು ಗಂಡನ್ನ ಮಗ್ಗುಲು ಹೊರಳಿಸಕ್ಕೆ."

"ಹೊರಳಿಸಿದ್ಯಲ್ಲ?"

ಆ ಉತ್ತರ ಅವನಿಗೆ ಸಾಕಾಯಿತೆಂದು ನಾನು ಹೇಳಲಾರೆ. ನನಗೂ ಅದು ಸಾಲದೆಂದೇ ತೋರಿತ್ತು, ನನ್ನಲ್ಲಿದ್ದದ್ದು ಅದೊಂದೇ.

ಮರುದಿನ ಮಧ್ಯಾಹ್ನ ಇನಾಸನ ಉಸಿರಿನ ಲಯ ಬೇರೆಯಾಯಿತು. ಸಾಯುವವರಿಗೆ ಪಾದ್ರಿ ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಂತ್ಯಾಭ್ಯಂಗ ಹಿಂದೆಯೇ ಆಗಿತ್ತು. ಫಾದರ್ ಚರ್ಚಿನ ದೂರದ ಉಪಕೇಂದ್ರವೊಂದರಲ್ಲಿದ್ದರು. ಅಂಗಳದಲ್ಲಿ ಜನವಿದ್ದರು, ಕೋಣೆಯಲ್ಲಿ ಅವನ ಬಳಿ ಸೆರಫಿನ್ ಬಾಯಿ, ನಾನು ಇಬ್ಬರೇ. ನಾನು ಗೋಡೆಗೆ ಒರಗಿ, ಇನ್ನೂ ಸಮಯವಿದೆಯೆಂಬ ವಿದ್ವತ್ಪೂರ್ಣ ಅಭಿಪ್ರಾಯವನ್ನು ರೂಪಿಸುತ್ತಿದ್ದೆ. "ಎಂಥ ನೋಡ್ತೀರಿ? ಬಗ್ಗಿ" ಎಂದಳು ಆಕೆ. ಬಗ್ಗಿದೆ. ಕನ್ನಡಕ ಜಾರಿ ಅವನ ದಿಂಬಿನ ಮೇಲೆ ಬಿತ್ತು. ಗಾಬರಿಯಲ್ಲಿ ಹೆಸರುಗಳೂ ಹಿಂದುಮುಂದಾದವು. "ಜುಜೆ ಕಡೇಗೆ" ಎಂದು ಆಕೆ ಹಿಂದಿನಿಂದ ಗದರಿದಳು. ಆಮೇಲೆ ಸರಿಯಾಗಿ ಹೇಳಿದೆ. ಹೇಳುತ್ತಲೇ ಇದ್ದೆ. ಅವನಿಗೆ ಕೇಳಿಸಿತೋ ಇಲ್ಲವೋ ನನಗೆ ತಿಳಿಯದು. ಅವನು ನಗಲಿಲ್ಲ, ಕಣ್ಣರಳಿಸಲಿಲ್ಲ, ಯಾವ ಬೆಳಕೂ ಮೂಡಲಿಲ್ಲ. ನನ್ನ ಕಿವಿಗೆ ಬಿದ್ದದ್ದು ನನ್ನದೇ ಒಡಕು ದನಿ. ಆಕೆ ನನ್ನ ಹೆಗಲು ಮುಟ್ಟಿ ಸಾಕೆಂದಾಗಲೇ ನಿಲ್ಲಿಸಿದ್ದು.

ಈ ವರ್ಷದ ದೈವಕರೆಯ ಭಾನುವಾರ ಕಥೆಗೆ ಹೊಸ ಬಾಲ ಮೂಡಿದೆ. ಕೊನೆಯ ಗಳಿಗೆಯಲ್ಲಿ ಇನಾಸ ಸ್ವರ್ಗವನ್ನು ಕಂಡು ಮುಗುಳ್ನಕ್ಕನಂತೆ; ಸಾಗರದ ಒಬ್ಬ ಸಂಶಯಾತ್ಮನಿಗೆ ಬಸ್ಸಿನಲ್ಲಿ ಕುಳಿತಿದ್ದಾಗ ಒಂದು ದಿವ್ಯವಾಣಿ ಕೇಳಿಸಿತಂತೆ. ಆ ಸಂಶಯಾತ್ಮ ನಾನು. ಬಸ್ಸಿನಲ್ಲಿ ನನಗೆ ಕೇಳಿಸಿದ್ದು ಚಿಲ್ಲರೆ ಕೊಡಿ ಎಂಬ ಕಂಡಕ್ಟರನ ವಾಣಿ. ಯುವಕರಾದ ಫಾದರ್ ಒಳ್ಳೆಯವರು, ಕಥೆಯಿಂದ ಯಾರಿಗಾದರೂ ಧೈರ್ಯ ಬರಲೆಂದೇ ಹೇಳಿದರು. ಆದರೆ ಘಾಟಿಯ ತಿರುವಿನ ದನಿಗಾಗಿ ಇನಾಸ ಕಾದದ್ದನ್ನು ನಾನು ಕಂಡಿದ್ದೇನೆ. ಅವನು ಹೋದದ್ದೆಲ್ಲ ಕರೆಯೇ ಆಗಿದ್ದರೆ, ಅದನ್ನು ಅವನು ಬದುಕಿದ್ದಾಗ ಹೇಳಿದವರು ಯಾರೂ ಇರಲಿಲ್ಲ. ಆ ಕಥೆ ಎಷ್ಟು ದೊಡ್ಡದಾಗಿತ್ತೆಂದರೆ ಅದರ ನೆರಳಿನಲ್ಲಿ ಅವನಿಗೆ ತನ್ನ ಬದುಕೇ ಕಾಣಲಿಲ್ಲ.

ನನ್ನ ಮಾತನ್ನೂ ಹಾಗೆಯೇ ನಂಬಬೇಡಿ. ಅವನ ಮರಣವಾರ್ತೆಯನ್ನು ಬರೆದುಕೊಟ್ಟವನು ನಾನು. ಕಟ್ಟಿಟ್ಟ ಆ ಹಳೆಯ ಸಾಲನ್ನು ಹಾಕಲಿಲ್ಲ. 'ಯಾರು ಕರೆದರೂ ಹೋಗುತ್ತಿದ್ದ ಇನಾಸ ತೀರಿಕೊಂಡರು' ಎಂದಷ್ಟೇ ಬರೆದೆ. ಹೊಸನಗರದಲ್ಲಿ ಮುಚ್ಚಿರುವ ಅವನ ಅಂಗಡಿಯ ಷಟರಿನ ಮೇಲೆ ಆ ಕಾಗದ ಇನ್ನೂ ಅಂಟಿಕೊಂಡಿದೆ, ಯಾರು ಬೇಕಾದರೂ ಓದಬಹುದು. ಮಿಕ್ಕದ್ದನ್ನು ಹಿಂದಿನ ಮನೆಯ ಸೆರಫಿನ್ ಬಾಯಿಯನ್ನು ಕೇಳಿ. ನೀರಿನ ಕೊಡವನ್ನೋ ಅಕ್ಕಿಯ ಡಬ್ಬವನ್ನೋ ಎತ್ತಿಡಲು ಹೇಳಿದರೆ ಮೊದಲು ಅದನ್ನು ಎತ್ತಿಡಿ, ಪ್ರಶ್ನೆ ಆಮೇಲಿರಲಿ. ತಡಮಾಡಬೇಡಿ. ಆಕೆಗೆ ಈಚೆಗೆ ಉಸಿರು ಸಾಲುತ್ತಿಲ್ಲ; ಮೊನ್ನೆ ಕಿತ್ತಳೆ ಹಿಡಿದು ಹೋದ ನನ್ನನ್ನು ಬಾಗಿಲಲ್ಲಿ ಕಂಡದ್ದೇ ದಡಕ್ಕನೆ ಎದ್ದು ಕುಳಿತಳು.