ಲೋಹಿತಾಳ ಹತ್ತನೆಯ ಬಯೋಡೇಟಾ

ಮಧುಗಿರಿ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಅರ್ಜಿ, ಲಗ್ನಪತ್ರಿಕೆ, ಬಯೋಡೇಟಾ, ಏನು ಬೇಕಾದರೂ ಟೈಪ್ ಮಾಡಿಕೊಡುತ್ತೇನೆ. ಹದಿನೆಂಟು ವರ್ಷದಲ್ಲಿ ಈ ಊರಿನ ಎಷ್ಟೋ ಜನ ನನ್ನ ಕಂಪ್ಯೂಟರಿನೊಳಗೆ ಒಂದೊಂದು ಪುಟವಾಗಿ ಕೂತಿದ್ದಾರೆ. ಲೋಹಿತಾಳದ್ದು ಮಾತ್ರ ಒಂಬತ್ತು ಪುಟ ಇದ್ದವು. ಒಂಬತ್ತೂ ಅರ್ಧ ಸುಳ್ಳು, ಟೈಪ್ ಮಾಡಿದವಳು ನಾನೇ.

ಲೋಹಿತಾ ಕಡಲೆಕಾಯಿ ಮಂಡಿ ಮಹಾಲಿಂಗಯ್ಯನವರ ಒಬ್ಬಳೇ ಮಗಳು. ತುಮಕೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದವಳು, ಗಂಡು ಗೊತ್ತಾಗುವವರೆಗೆ ಮನೆಯಲ್ಲಿ ಸುಮ್ಮನೆ ಕೂರಲಾರೆ ಎಂದು ಅಪ್ಪನ ಮಂಡಿಗೆ ಹೋಗಿ ಕೂತಳು. ಆಂಧ್ರದ ಗಡಿಗಿರುವ ವೈ.ಎನ್.ಹೊಸಕೋಟೆ ಕಡೆಯ ರೈತರೊಂದಿಗೆ ಮಾತಾಡಿ ಮಾತಾಡಿ ತೆಲುಗು ಕಲಿತಳು. ಡ್ರೈವರ್ ಪದೇ ಪದೇ ಕೈಕೊಡುತ್ತಾನೆಂದು ಲೈಸೆನ್ಸ್ ಮಾಡಿಸಿ ಟೆಂಪೋ ತಾನೇ ಓಡಿಸಿದಳು. ಮಹಾಲಿಂಗಯ್ಯನವರು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರೆ, ಇವಳು ತೇವ ಅಳೆಯುವ ಮೆಷಿನ್ ತರಿಸಿ ಚೀಟಿಯಲ್ಲಿ ಬರೆದುಕೊಡುತ್ತಿದ್ದಳು. ರೈತರು ನಂಬುತ್ತಿದ್ದದ್ದು ಅವಳ ಚೀಟಿಯನ್ನು.

ಮದುವೆಯ ಬಯೋಡೇಟಾದಲ್ಲಿ ಮಾತ್ರ ಇದ್ಯಾವುದೂ ಉಳಿಯಲಿಲ್ಲ. ಒಂದೊಂದು ಸಂಬಂಧ ಬಂದಾಗಲೂ ಮಹಾಲಿಂಗಯ್ಯನವರು ಅಂಗಡಿಗೆ ಬರುತ್ತಿದ್ದರು.

"ಜ್ಯೋತಮ್ಮ, ಈ ಹುಡುಗ ಬರೀ ಬಿ.ಕಾಂ. ಕಣಮ್ಮ. ಎಂ.ಎಸ್ಸಿ. ತೆಗೆದು ಬಿ.ಎಸ್ಸಿ. ಅಂತ ಹಾಕ್ಬುಡು."

ತೆಗೆದೆ. ಕೊರಟಗೆರೆಯ ಗೊಬ್ಬರದಂಗಡಿಯವರಿಗೆ ಟೆಂಪೋ ವಿಷಯ ತಿಳಿಯಬಾರದಂತೆ, ಅದನ್ನೂ ತೆಗೆದೆ. ತೆಲುಗು ಬರುತ್ತದೆ ಎಂದರೆ ಮಂಡಿಯಲ್ಲಿ ಗಂಡಸರ ಮಧ್ಯೆ ಕೂರುವುದು ಗೊತ್ತಾಗುತ್ತದಂತೆ, ಅದೂ ಹೋಯಿತು. ವಯಸ್ಸಿನಲ್ಲಿ ಎರಡು ವರ್ಷ ಹೋಯಿತು. ಕೊನೆಗೆ ಉಳಿದದ್ದು ನಕ್ಷತ್ರ, ಎತ್ತರ ಮತ್ತು 'ಅಡುಗೆಯಲ್ಲಿ ಆಸಕ್ತಿ'. ಆ ಹುಡುಗಿಗೆ ಟೀ ಬಿಟ್ಟು ಬೇರೇನೂ ಮಾಡಲು ಬರುವುದಿಲ್ಲ! ಊರ ಉಸಾಬರಿ ನನಗೇಕೆ ಎಂದು ಸುಮ್ಮನಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ, ನನ್ನ ಮೇಲೆಯೇ.

ಕಳೆದ ಫೆಬ್ರವರಿಯ ಒಂದು ಬೆಳಿಗ್ಗೆ ಲೋಹಿತಾ ಪತ್ರಿಕೆಯ ತುಣುಕೊಂದನ್ನು ಹಿಡಿದು ಬಂದಳು. ಪಾವಗಡ, ಮಧುಗಿರಿ ಕಡೆಯ ಹಳ್ಳಿಗಳಿಗೆ ಹೋಗಿ ಕುಡಿಯುವ ನೀರು ಪರೀಕ್ಷಿಸಲು ವ್ಯಾನಿನೊಳಗೇ ಒಂದು ಲ್ಯಾಬ್ ಮಾಡಿದ್ದಾರೆ, ಅದಕ್ಕೆ ಒಬ್ಬರು ಬೇಕು. ರಸಾಯನಶಾಸ್ತ್ರ ಓದಿರಬೇಕು, ವ್ಯಾನ್ ಓಡಿಸಬೇಕು, ಕನ್ನಡ ತೆಲುಗು ಎರಡೂ ಬರಬೇಕು, ಎರಡು ವರ್ಷ ಲ್ಯಾಬ್ ಅನುಭವ ಇರಬೇಕು. ಅರ್ಜಿಗೆ ಅಂದೇ ಕೊನೆಯ ದಿನ.

"ಜ್ಯೋತಕ್ಕ, ನನ್ನ ಬಯೋಡೇಟಾ ನಿನ್ನತ್ರ ಇದೆಯಲ್ಲ, ತೆಗಿ."

ಅವಳು ಅದನ್ನು ಹಿಂದೆ ನೋಡಿಯೇ ಇರಲಿಲ್ಲ. ಒಂಬತ್ತನ್ನೂ ಒಂದಾದಮೇಲೊಂದು ಓದಿದಳು.

"ಇವಳ್ಯಾರಕ್ಕ?" ಎಂದಳು. ನಾನು ತಲೆ ತಗ್ಗಿಸಿದೆ.

"ಈ ಕೆಲಸಕ್ಕೆ ಬೇಕಾದ್ದನ್ನೆಲ್ಲ ನೀನೂ ಅಪ್ಪಾಜಿನೂ ಸೇರಿ ಹುಡುಕಿ ಹುಡುಕಿ ತೆಗ್ದಿದೀರಲ್ಲ! ಬುಡು, ಹೊಸ ಪುಟ ತೆಗಿ."

ಜಾಹೀರಾತನ್ನು ಕೀಬೋರ್ಡಿನ ಪಕ್ಕ ಇಟ್ಟು, ಒಂದೊಂದೇ ಸಾಲಿಗೆ ಬೆರಳಿಟ್ಟು ಹೇಳುತ್ತಾ ಹೋದಳು. "ಎಂ.ಎಸ್ಸಿ. ಮಾಡ್ದೋರು ಬೇಕಾದಷ್ಟು ಜನ ಬರ್ತಾರೆ. ವ್ಯಾನ್ ಓಡ್ಸೋರು ಎಷ್ಟು ಜನ ಬರ್ತಾರೆ? ಲೈಸೆನ್ಸನ್ನ ಎಲ್ಲಕ್ಕಿಂತ ಮೇಲೆ ಹಾಕು. ಅದ್ರ ಕೆಳಗೆ ತೆಲುಗು. ನಕ್ಷತ್ರ ಕಿತ್ಹಾಕು, ನೀರಿಗೆ ನನ್ನ ನಕ್ಷತ್ರ ಯಾಕೆ?"

ಲ್ಯಾಬ್ ಅನುಭವದ ಸಾಲು ಬಂತು. ಮಾಡಿದ ತಪ್ಪಿಗೆ ಪರಿಹಾರವಾಗಲಿ ಎಂದು ನಾನೇ ಬಾಯಿ ಹಾಕಿದೆ: "ಯಾವುದಾದ್ರೂ ಕಾಲೇಜಲ್ಲಿ ಲ್ಯಾಬ್ ಸಹಾಯಕಿ ಅಂತ ಹಾಕ್ಬುಡ್ಲಾ?"

"ಇರೋದನ್ನ ಮುಚ್ಚಿಟ್ಟಿದ್ದು ಸಾಕು, ಇಲ್ಲದ್ದನ್ನ ಅಂಟಿಸೋದೂ ಬ್ಯಾಡ. ಲ್ಯಾಬ್ ಅನುಭವ ಇಲ್ಲ ಅಂತಲೇ ಬರಿ. ಮಂಡಿಯಲ್ಲಿ ಆರು ವರ್ಷ ಕಡಲೆಕಾಯಿ ತೇವ ಪರೀಕ್ಷೆ ಮಾಡಿದೀನಿ, ಒಂದೊಂದಕ್ಕೂ ಲೆಕ್ಕ ಇಟ್ಟಿದೀನಿ ಅಂತ ಬರಿ."

ಅಷ್ಟರಲ್ಲಿ ಮಹಾಲಿಂಗಯ್ಯನವರೇ ಬಂದರು. ಭಾನುವಾರ ಶಿರಾದಿಂದ ಗಂಡಿನ ಕಡೆಯವರು ಬರುವವರಿದ್ದರು, ಹತ್ತನೆಯ ಬಯೋಡೇಟಾ ಮಾಡಿಸಬೇಕಿತ್ತು. ಮಗಳನ್ನು ನೋಡಿದರು, ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ಓದಿದರು.

"ಇದು ಅವರ ಕೈಗೆ ಸಿಕ್ರೆ ಯಾವ ಗಂಡು ಒಪ್ತಾನಮ್ಮ?" ಎಂದರು. ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. "ನಾನು ಹೋದ್ಮೇಲೆ ನಿನಗೆ ಯಾರು ದಿಕ್ಕು?"

"ಒಪ್ಪದೋನು ಬ್ಯಾಡ ಅಪ್ಪಾಜಿ. ಒಂಬತ್ತು ಸಲ ನನ್ನ ಕತ್ತರಿಸಿದ್ರಿ, ಒಬ್ಬನಾದ್ರೂ ಒಪ್ಪಿದ್ನಾ? ಒಪ್ಪಿದ್ರೂ ಅವನು ಕಟ್ಕೊಳ್ಳೋದು ಆ ಹಾಳೇಲಿರೋಳ್ನ, ನನ್ನಲ್ಲ. ಜ್ಯೋತಕ್ಕ, ಎರಡು ಪ್ರಿಂಟ್ ಕೊಡು. ಒಂದು ಕೆಲಸಕ್ಕೆ, ಒಂದು ಶಿರಾಕ್ಕೆ."

ಮಹಾಲಿಂಗಯ್ಯನವರು ನನ್ನತ್ತ ನೋಡಿದರು. ಅಂಗಡಿ ತೆರೆದ ವರ್ಷದಿಂದ ಬರುತ್ತಿದ್ದ ಗಿರಾಕಿ ಅವರು. ನಾನು ಎರಡು ಪ್ರಿಂಟ್ ತೆಗೆದೆ.

ಶಿರಾದವರು ಭಾನುವಾರ ಬರಲಿಲ್ಲ. ತುಮಕೂರಿನಿಂದ ಸಂದರ್ಶನಕ್ಕೆ ಕರೆ ಬಂತು. ಅವಳಿಗಿಂತ ಹೆಚ್ಚು ಅಂಕದವರು, ಲ್ಯಾಬ್ ಅನುಭವ ಇದ್ದವರು ಇಬ್ಬರಿದ್ದರಂತೆ. ಅಂಗಳದಲ್ಲಿ ನಿಂತಿದ್ದ ವ್ಯಾನ್ ತೋರಿಸಿ ಓಡಿಸಿ ಎಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡರಂತೆ. ಲೋಹಿತಾ ಹತ್ತಿ ಕೂತು, ಇಕ್ಕಟ್ಟಾದ ಗೇಟಿನಿಂದ ವ್ಯಾನನ್ನು ಹಿಮ್ಮುಖವಾಗಿ ಹೊರಗೆ ತೆಗೆದು, ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ತಂದು ನಿಲ್ಲಿಸಿದಳು. ಕೆಲಸ ಅವಳದಾಯಿತು. ಈಗ ಮಿಡಿಗೇಶಿ, ನಾಗಲಮಡಿಕೆ ಎಂದು ಸುತ್ತುತ್ತಾಳೆ. ಬೋರ್‌ವೆಲ್ ನೀರು ನೋಡಿ, ಕುಡಿಯಬಹುದೋ ಇಲ್ಲವೋ ಎಂದು ಚೀಟಿ ಬರೆದುಕೊಡುತ್ತಾಳೆ.

ಹೋದ ತಿಂಗಳು ಮಹಾಲಿಂಗಯ್ಯನವರು ಮತ್ತೆ ಬಂದರು. ಇನ್ನೊಂದು ಸಂಬಂಧವಂತೆ. "ಹಳೇದೇ ಒಂದು ಕೊಡಮ್ಮ, ಆ ವ್ಯಾನ್ ವಿಷಯ ಇಲ್ದೇ ಇರೋದು."

"ಹಳೇದು ಒಂದೂ ಇಲ್ಲ ಯಜಮಾನ್ರೇ. ಅವತ್ತೇ ಒಂಬತ್ತನ್ನೂ ಅಳಿಸ್ಬುಟ್ಟೆ. ಇರೋದು ಅವಳು ಬರೆಸಿದ್ದೊಂದೇ."

ಪ್ರಿಂಟ್ ಕೊಟ್ಟೆ. ನಿಂತಲ್ಲೇ ಮೇಲಿನಿಂದ ಕೆಳಗಿನವರೆಗೆ ಓದಿದರು. ಜೇಬಿನಿಂದ ಪೆನ್ನು ತೆಗೆದರು. ಲೈಸೆನ್ಸಿನ ಸಾಲು ಹೊಡೆದುಹಾಕುತ್ತಾರೆ ಎಂದುಕೊಂಡೆ.

"ಇದ್ರಲ್ಲಿ ಈಗಿನ ಕೆಲಸ ಇಲ್ವಲ್ಲಮ್ಮ," ಎಂದರು.

"ಸೇರ್ಸೋಕಾದ್ರೆ ಕೂತ್ಕೊಳಿ," ಎಂದೆ. "ತೆಗೆಯೋಕಾದ್ರೆ ಬೇರೆ ಅಂಗಡಿ ನೋಡ್ಕೊಳಿ."

ಮಹಾಲಿಂಗಯ್ಯನವರು ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಕುರ್ಚಿ ಎಳೆದುಕೊಂಡು ಕೂತರು.