ಶುಕ್ರವಾರ ಬೆಂಕಿ ಕೊಡದ ದುರುಗಕ್ಕ

ಯುದ್ಧ ನಡೆಯುತ್ತಿದ್ದದ್ದು ಬರ್ಮಾದ ಕಡೆ. ಕೆಟ್ಟು ನಿಂತದ್ದು ಅಮರಾಪುರದ ಬಸ್ಸು. ಪೆಟ್ರೋಲೆಲ್ಲ ಸಿಪಾಯಿಗಳ ಲಾರಿಗಳಿಗೆ ಹೋಯಿತು. ಕದಿರಪ್ಪನವರ ಒಂದೇ ಒಂದು ಬಸ್ಸು ಹುಣಸೆ ಮರದ ಕೆಳಗೆ ನಿಂತು, ಊರಿನ ಕೋಳಿಗಳು ಮೊಟ್ಟೆಯಿಡಲು ಅದರ ಸೀಟುಗಳನ್ನು ಹಂಚಿಕೊಂಡವು.

ಕದಿರಪ್ಪನವರು ಕೈಕಟ್ಟಿ ಕೂರುವ ಜಾತಿಯವರಲ್ಲ. ರಾಯದುರ್ಗದಲ್ಲಿ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತವೆ ಎಂಬ ಸುದ್ದಿ ಕೇಳಿದ್ದೇ ತಡ, ಎತ್ತುಗಳಿಂದ ಬಸ್ಸನ್ನು ಎಳೆಸಿಕೊಂಡು ಅಷ್ಟು ದೂರ ಹೋದರು. ಅಲ್ಲಿಯ ಫಿಟ್ಟರೊಬ್ಬ ಬಸ್ಸಿನ ಬೆನ್ನಿಗೆ ಆಳೆತ್ತರದ ಒಂದು ಡ್ರಮ್ಮು ಕಟ್ಟಿ, ಕೈಯಲ್ಲಿ ತಿರುಗಿಸುವ ಗಾಳಿಚಕ್ರವೊಂದನ್ನು ಕೂಡಿಸಿಕೊಟ್ಟ.

"ಮ್ಯಾಲಿಂದ ಇದ್ದಿಲು ಸುರೀರಿ, ಕೆಳಗ ಕೆಂಡ ಇಡ್ರಿ, ಚಕ್ರ ತಿರುವ್ರಿ. ಆ ಗ್ಯಾಸು ಹೋಗಿ ಎಂಜಿನ್ ಸೇರತೈತಿ, ಗಾಡಿ ಓಡತೈತಿ. ಅಷ್ಟ."

"ಸಿಡಿದರೆ?" ಎಂದರು ಕದಿರಪ್ಪ.

"ಯಾಕ ಹೆದರ್ತೀರಿ ಸಾವ್ಕಾರ್ರ? ಸಿಡಿಯೋ ಹೊತ್ತಿಗೆ ನೀವು ಮಡಕಶಿರಾದಾಗ ಇರ್ತೀರಿ, ನಾ ಇಲ್ಲೇ ಇರ್ತೀನಿ."

ಈ ಭರವಸೆಯ ಮೇಲೆ ಬಸ್ಸು ಮತ್ತೆ ಅಮರಾಪುರಕ್ಕೂ ಮಡಕಶಿರಾಕ್ಕೂ ನಡುವೆ ಓಡತೊಡಗಿತು. ನಾನಾಗ ಮಡಕಶಿರಾ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಮನೆ ಅಮರಾಪುರದಲ್ಲಿ. ದಿನವೂ ಆ ಬಸ್ಸಿನಲ್ಲೇ ಹೋಗಬೇಕು. ಹೋಗಬೇಕು ಎಂದೆ, ಕೂತುಕೊಂಡು ಹೋಗುತ್ತಿದ್ದೆ ಎನ್ನಲಿಲ್ಲ. ಇದ್ದಿಲು ಬಸ್ಸಿನಲ್ಲಿ ಪ್ರಯಾಣಿಕ ಎಂದರೆ ಅರ್ಧ ಕೂಲಿಯವನು. ಏರು ಬಂದರೆ ತಳ್ಳಬೇಕು, ನಿಂತರೆ ಚಕ್ರ ತಿರುಗಿಸಬೇಕು. ನನ್ನ ಹೊಟ್ಟೆ ನೋಡಿ ಡ್ರೈವರ್ ಜಯಣ್ಣ, "ಸ್ವಾಮಿ, ನೀವು ತಳ್ಳದು ಬ್ಯಾಡ, ಸುಮ್ಕೆ ಒರಗಿಕೊಳ್ಳಿ ಸಾಕು" ಎನ್ನುತ್ತಿದ್ದ. ಅದು ಗೌರವ ಎಂದೇ ನಾನು ಬಹಳ ದಿನ ತಿಳಿದುಕೊಂಡಿದ್ದೆ.

ದಾರಿಯಲ್ಲಿ ಕರೇಕಲ್ಲಹಟ್ಟಿ ಎಂಬ ಕುರುಬರ ಹಟ್ಟಿ. ಅದರ ಮುಂದೆ ಒಂದು ಏರು. ಬಸ್ಸು ಅಲ್ಲಿಗೆ ಬರುವ ಹೊತ್ತಿಗೆ ಡ್ರಮ್ಮಿನೊಳಗೆ ಬೂದಿ ಕಟ್ಟಿ ಬೆಂಕಿ ಉಸಿರುಗಟ್ಟಿ ಸಾಯುತ್ತಿತ್ತು. ಬೂದಿ ಕೆದಕಿ ಸುರಿದು ಹೊಸದಾಗಿ ಕೆಂಡ ಇಡಬೇಕು. ಕೆಂಡ ಎಲ್ಲಿಂದ ಬರಬೇಕು? ಬೆಂಕಿಪೆಟ್ಟಿಗೆ ಸಿಕ್ಕದ ಕಾಲ. ಬೆಳಿಗ್ಗೆ ಬಸ್ಸು ಹೊರಡಿಸಲು ಒಂದು ಕಡ್ಡಿ ಕೊಟ್ಟು ಪೆಟ್ಟಿಗೆಯನ್ನು ಕದಿರಪ್ಪನವರು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಹಟ್ಟಿಯವರ ಚಕಮಕಿ ಕಲ್ಲಿನ ಕಿಡಿ ಬೀಡಿಗೆ ಸಾಕು, ಆ ಡ್ರಮ್ಮಿನ ಹೊಟ್ಟೆಗೆ ಸಾಲದು. ಹೀಗಾಗಿ ಜಯಣ್ಣ ಕಬ್ಬಿಣದ ಮೊರ ಹಿಡಿದು ಹಟ್ಟಿಯ ಮೊದಲನೆ ಮನೆಗೆ ಹೋಗುವುದು ರೂಢಿಯಾಯಿತು. ಆ ಮನೆ ದುರುಗಕ್ಕನದು.

ದುರುಗಕ್ಕ ಆಗ ನಡುವಯಸ್ಸಿನ ಹೆಂಗಸು. ಎತ್ತರ ಕಡಿಮೆ, ದನಿ ಎತ್ತರ. ಗಂಡ ನರಸಪ್ಪ ಕುರಿ ಹೊಡೆದುಕೊಂಡು ವರ್ಷದ ಮುಕ್ಕಾಲು ಪಾಲು ರತ್ನಗಿರಿ ಕಡೆಯ ಬಯಲಿನಲ್ಲಿ ಇರುವವನು. ಮನೆಯಲ್ಲಿ ಇವಳು ಮತ್ತು ಅತ್ತೆ ಎರ್ರಮ್ಮ. ಆ ಮನೆಯ ಒಲೆ ಎರ್ರಮ್ಮ ಸೊಸೆಯಾಗಿ ಬಂದಾಗಿನಿಂದ ಆರಿಲ್ಲ ಎಂಬುದು ಮುದುಕಿಯ ಹೆಮ್ಮೆ. ಮಲಗುವಾಗ ಕೆಂಡವನ್ನು ಬೂದಿಯಲ್ಲಿ ಹೂಳುವುದು, ಬೆಳಿಗ್ಗೆ ಕೆದಕಿ ಊದುವುದು. ಅದನ್ನು ಸೊಸೆಗೆ ಒಪ್ಪಿಸಿದ ಮೇಲೆ ಮುದುಕಿ ಒಡವೆ ಕೊಟ್ಟಷ್ಟು ಜಂಬದಿಂದ ಕಟ್ಟೆಯ ಮೇಲೆ ಕೂತಿರುತ್ತಿದ್ದಳು.

ಬೇರೆ ದಿನಗಳಲ್ಲಿ ದುರುಗಕ್ಕ ಕೇಳುವ ಮೊದಲೇ ಮೊರ ತುಂಬುತ್ತಿದ್ದಳು. ಮೊದಲನೆ ಶುಕ್ರವಾರ ಬಂದಾಗ ಮಾತ್ರ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತು ಶುಕ್ರವಾರ ಕಣಣ್ಣ. ಬೆಂಕಿ ಆಚೆ ಕೊಡಕ್ಕಿಲ್ಲ."

"ಅಯ್ಯೋ, ಒಂದೀಟು ಕೆಂಡ ಕಣಕ್ಕ. ಗಾಡಿ ತುಂಬ ಜನ ಅವ್ರೆ."

"ಗಾಡಿ ತುಂಬ ಜನ ಅವ್ರೆ ಅಂತ ಮನೆ ಲಕ್ಷ್ಮಿನ ಮೊರದಾಗೆ ಆಕ್ಕೊಡ್ಲಾ? ಶುಕ್ರವಾರ ಒಲೆ ಬಿಟ್ಟು ಓದ ಬೆಂಕಿ ಕುರಿನೂ ಕರ್ಕಂಡು ಓಯ್ತದೆ."

ಜಯಣ್ಣ ಮುಂದಿನ ಮನೆಗೆ ಹೋದ, ಅದರಾಚೆಯ ಮನೆಗೆ ಹೋದ. ಎಲ್ಲ ಕಡೆ ಅದೇ ಶುಕ್ರವಾರ. ಕೊನೆಗೆ ನಾನೇ ಎದ್ದೆ. ಓದಿದವನು, ನಾಲ್ಕು ಮಾತು ಬಲ್ಲವನು, ಒಪ್ಪಿಸಿಯೇನು ಎಂದು. ದೇಶದಲ್ಲಿ ಯುದ್ಧ ನಡೆಯುತ್ತಿದೆ, ಎಲ್ಲರೂ ಸಹಕರಿಸಬೇಕು ಎಂದು ಕಚೇರಿಯ ಸರ್ಕ್ಯುಲರಿನ ಧಾಟಿಯಲ್ಲಿ ವಿವರಿಸಿದೆ. ದುರುಗಕ್ಕ ಕೊನೆಯವರೆಗೂ ಕೇಳಿ, "ಅತ್ತೆ, ಈ ಸ್ವಾಮಿಗೆ ಒಂದು ಚೆಂಬು ನೀರು ಕೊಡು, ಬಿಸಿಲು ನೆತ್ತಿಗೇರ್ಯದೆ" ಎಂದಳು.

ಬಸ್ಸಿನಲ್ಲಿ ಒಬ್ಬ ಹೆಂಗಸಿನ ಮಡಿಲಲ್ಲಿ ಜ್ವರದ ಮಗುವಿತ್ತು. ಮಡಕಶಿರಾದ ಆಸ್ಪತ್ರೆಗೆ ಹೊರಟಿದ್ದಳು. ಬಸ್ಸಿನವರಿಗೂ ನೀರು ತಂದ ದುರುಗಕ್ಕ ಅದನ್ನು ನೋಡಿದಳು. ಚೆಂಬು ಕೆಳಗಿಟ್ಟು ಅತ್ತೆಯ ಕಡೆ ತಿರುಗಿದಳು.

"ಅತ್ತೆ, ಬೆಂಕಿ ಕೊಟ್ರೆ ತಾನೆ ತಪ್ಪು? ನಾನೇ ತಗಂಡೋಗಿ ನಾನೇ ತಿರುಗಿ ತಂದ್ರೆ?"

ಎರ್ರಮ್ಮ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ನೀನು ಜತೆಗಿದ್ರೆ ಅದು ಮನೆ ಬೆಂಕಿನೇ. ಹೊಲದಾಗೆ ಅಂಬಲಿ ಕಾಯ್ಸಕ್ಕೆ ತಗಂಡೋಗಕ್ಕಿಲ್ವ? ಅಂಗೆ. ಆದ್ರೆ ತಿರುಗಿ ತರ್ಬೇಕು, ಬರೀ ಕೈಲಿ ಬರಂಗಿಲ್ಲ."

ದುರುಗಕ್ಕ ಮಡಕೆಯಲ್ಲಿ ಕೆಂಡ ತುಂಬಿಕೊಂಡು ಬಸ್ಸಿನ ಹಿಂದೆ ಬಂದಳು. ಅರ್ಧವನ್ನು ತಾನೇ ಡ್ರಮ್ಮಿಗೆ ಹಾಕಿದಳು, ಉಳಿದರ್ಧಕ್ಕೆ ಬೂದಿ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಜಯಣ್ಣನ ಪಕ್ಕದ ಸೀಟಿನಲ್ಲಿ ಕೂತಳು. ಸಾಯಂಕಾಲ ಅದೇ ಬಸ್ಸಿನಲ್ಲಿ ಬಂದು ಆ ಕೆಂಡವನ್ನು ಒಲೆಗೆ ಸೇರಿಸಿದಳು. ಲಕ್ಷ್ಮಿ ಮಡಕಶಿರಾ ನೋಡಿಕೊಂಡು ಮನೆಗೆ ಬಂದಂತಾಯಿತು.

ಅಂದಿನಿಂದ ಪ್ರತಿ ಶುಕ್ರವಾರವೂ ಇದೇ ಏರ್ಪಾಡು. ಕದಿರಪ್ಪನವರು ಮೊದಲು, "ಟಿಕೆಟ್ಟಿಲ್ಲದೆ ಸೀಟಾ?" ಎಂದು ಗೊಣಗಿದರು. ಒಂದು ಶುಕ್ರವಾರ ಅವಳು ಬರದೆ ಬಸ್ಸು ಏರಿನಲ್ಲಿ ಮಧ್ಯಾಹ್ನದವರೆಗೂ ನಿಂತ ಮೇಲೆ, "ಸರೇ, ಸರೇ, ಕೂರಲಿ ಬಿಡು" ಎಂದು ತಾವೇ ಸೀಟಿನ ಧೂಳು ಒರೆಸಿದರು. ದುರುಗಕ್ಕನಿಗೂ ರುಚಿ ಹತ್ತಿತು. ಮಡಕಶಿರಾದ ಬಸ್ಸು ನಿಲ್ಲುವ ಕಡೆ ಮಡಕೆ ಪಕ್ಕಕ್ಕಿಟ್ಟುಕೊಂಡು, ತಾನು ನೂತ ಉಣ್ಣೆಯ ಕಂಬಳಿ ಹರವಿ ಮಾರತೊಡಗಿದಳು. ಕಂಬಳಿ ಮುಟ್ಟಿ ನೋಡಿ ಹೋಗುವವರನ್ನು, "ಮೈಗೆ ಬ್ಯಾಡದಿದ್ರೆ ಕೈ ಯಾಕೆ ಒರೆಸ್ತೀಯಪ್ಪ?" ಎಂದು ಕೇಳುತ್ತಿದ್ದಳು. ನಾನೂ ಒಂದು ಕೊಂಡೆ, ಕೈ ಒರೆಸಿದ ತಪ್ಪಿಗೆ.

ಹೀಗೆ ನಡೆಯುತ್ತಿರುವಾಗ ಒಂದು ಶುಕ್ರವಾರ, ವಾಪಸು ಬರುವ ದಾರಿಯಲ್ಲಿ, ಡ್ರಮ್ಮಿಗೆ ಇದ್ದಿಲು ಹಾಕಲು ಜಯಣ್ಣ ಆತುರದಿಂದ ಮುಚ್ಚಳ ತೆಗೆದ. ಒಳಗಿದ್ದ ಗ್ಯಾಸು ಭುಗ್ಗೆಂದು ಹೊರಗೆ ಬಂತು. ಜಯಣ್ಣನ ಮೀಸೆ ಒಂದು ಕಡೆ ಹೋಯಿತು. ಉರಿ ಬಸ್ಸಿನ ಮೇಲೆ ಕಟ್ಟಿದ್ದ ಹುಲ್ಲಿಗೆ ಹತ್ತಿತು. ಆಗ ಎಲ್ಲರಿಗಿಂತ ಮೊದಲು ಇಳಿದವನು ನಾನು. ಹೆಂಗಸರು ಮಕ್ಕಳಿಗೆ ದಾರಿ ಬಿಡಬೇಕೆಂಬುದು ಜಾಲಿಮುಳ್ಳಿನ ಪೊದೆಯೊಳಗೆ ಬಿದ್ದ ಮೇಲೆ ನೆನಪಾಯಿತು. ದುರುಗಕ್ಕ ಮಾರದೆ ಉಳಿದಿದ್ದ ಕಂಬಳಿಯನ್ನು ಎಂಜಿನ್ನಿಗೆಂದು ಇಟ್ಟಿದ್ದ ನೀರಿನಲ್ಲಿ ಅದ್ದಿ ಜಯಣ್ಣನ ಕೈಗೆ ಎಸೆದಳು. ಅವನೂ ಇನ್ನೊಬ್ಬ ಪ್ರಯಾಣಿಕನೂ ಮೇಲೆ ಹತ್ತಿ ಬಡಿದು ಆರಿಸಿದರು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಆದರೆ ಆ ಗಲಿಬಿಲಿಯಲ್ಲಿ ಯಾರದೋ ಕಾಲು ತಾಗಿ ದುರುಗಕ್ಕನ ಮಡಕೆ ಒಡೆದು, ಕೆಂಡವೆಲ್ಲ ಆಮೇಲೆ ಚೆಲ್ಲಿದ ನೀರಿನಲ್ಲಿ ಚುಂಯ್ ಎಂದು ಕಪ್ಪಾಯಿತು. ಆ ಕಾಲು ಯಾರದೆಂದು ನಾನು ವಿಚಾರಿಸಲು ಹೋಗಲಿಲ್ಲ. ಮೊದಲು ಇಳಿದವನದೇ ಇರಬೇಕು.

ಆ ಸಂಜೆ ದುರುಗಕ್ಕ ಬರಿಗೈಯಲ್ಲಿ ಇಳಿದದ್ದನ್ನು ಹಟ್ಟಿಯೆಲ್ಲ ನೋಡಿತು.

ಕೆಲವೇ ದಿನಗಳಲ್ಲಿ ಕುರಿಗಳಿಗೆ ಬಾಯಿಹುಣ್ಣು ಬಂತು. ಸುತ್ತಿನ ಹಳ್ಳಿಗಳಲ್ಲಿ ಆಗಲೇ ಇದ್ದ ರೋಗ. ಆದರೆ ಕರೇಕಲ್ಲಹಟ್ಟಿಯಲ್ಲಿ ಅದಕ್ಕೆ ಕಾರಣ ಸಿದ್ಧವಾಗಿತ್ತು. ಮರಿಗಳು ಮೊಲೆ ಕಚ್ಚಲಾರದೆ ಸತ್ತವು. ಒಂದು ಸೋಮವಾರ ನಮ್ಮ ಬಸ್ಸು ಹಟ್ಟಿಗೆ ಬಂದಾಗ ದಾರಿಯಲ್ಲೇ ಜನ, ಬೇವಿನ ಮರದ ಕೆಳಗೆ ಪಂಚಾಯಿತಿ. ಅಂದು ಬೆಂಕಿ ಸತ್ತಿರಲಿಲ್ಲ. ಸಾಯಬಾರದೆಂದು ಜಯಣ್ಣ ನನ್ನನ್ನು ಚಕ್ರಕ್ಕೆ ಹಚ್ಚಿ ತಾನು ಕೇಳಲು ಹೋದ. ಆ ಪಂಚಾಯಿತಿಯನ್ನು ನಾನು ಮೊದಲಿನಿಂದ ಕೊನೆಯವರೆಗೆ ಚಕ್ರ ತಿರುಗಿಸುತ್ತಲೇ ಕೇಳಿದೆ.

ಹಟ್ಟಿಯ ಹಿರಿಯ ದೊಡ್ಡಬೀರಪ್ಪ ಕೋಲು ನೆಟ್ಟು ಹೇಳಿದ: "ಶುಕ್ರವಾರ ಓದ ಬೆಂಕಿ ತಿರುಗಿ ಬರ್ಲಿಲ್ಲ. ಒಲೆ ಕೆಟ್ಟೋಯ್ತು. ಆ ಒಲೆ ಆರಿಸ್ಬೇಕು. ಹೊಸ ಬೆಂಕಿ ಬರಗಂಟ ದುರುಗವ್ವನ ಮನೆಗೆ ಬೆಂಕಿ ಇಲ್ಲ, ನೀರಿಲ್ಲ."

ಬೆಂಕಿ ನೀರು ನಿಲ್ಲಿಸುವುದೆಂದರೆ ಹಟ್ಟಿಯಲ್ಲಿ ಬದುಕಿದ್ದೂ ಇಲ್ಲದಂತೆ. ಬಾವಿಗೆ ಹೋಗುವಂತಿಲ್ಲ, ಯಾರೂ ಮಾತಾಡಿಸುವಂತಿಲ್ಲ, ಬಯಲಿನಿಂದ ಬಂದ ಗಂಡನೂ ಹಟ್ಟಿಯ ಹೊರಗೇ ಕುರಿ ತರುಬಬೇಕು. ಎರ್ರಮ್ಮ ಸೆರಗು ಬಾಯಿಗಿಟ್ಟು ಕೂತಿದ್ದಳು. ದುರುಗಕ್ಕ ಮಾತ್ರ ನಿಂತೇ ಇದ್ದಳು.

"ಹೊಸ ಬೆಂಕಿ ಯಾರು ಕೊಡ್ತೀರ ಮಾವ?"

"ಕುರಿ ಸಾಯದೆ ಇರೋ ಮನೆಯೋರು ಕೊಡ್ಬೇಕು."

ಕುರಿ ಸಾಯದ ಮನೆ ಇರಲಿಲ್ಲ.

"ಅಂಗಾದ್ರೆ ಎಲ್ಲರ ಒಲೆನೂ ಕೆಟ್ಟದೆ," ಎಂದಳು ದುರುಗಕ್ಕ. "ನನ್ನದೊಂದೇ ಯಾಕೆ ಆರಿಸ್ತೀರ? ಆ ಗಾಡೀಲಿ ಉಣ್ಣೆ ಏರ್ಕಂಡು ಮಡಕಶಿರಾಕ್ಕೆ ಓದೋರು ಯಾರು? ನೀನೂ ಓಗಿದ್ದೆ ಮಾವ, ಅಲ್ಲು ಕೀಳ್ಸಕ್ಕೆ. ನನ್ನ ಬೆಂಕಿ ಮ್ಯಾಲೇ ಕುಂತ್ಕಂಡು ಓದೆ. ಆಗ ಶುಕ್ರವಾರ ಅಂತ ಇಳೀಲಿಲ್ಲ."

ದೊಡ್ಡಬೀರಪ್ಪ ಹಲ್ಲಿಲ್ಲದ ಕಡೆ ನಾಲಿಗೆ ಆಡಿಸಿಕೊಂಡ. ಆಗ ಒಂದು ಕಡೆ ಮಾತ್ರ ಮೀಸೆಯಿದ್ದ ಜಯಣ್ಣ ಮುಂದೆ ಬಂದು ಕೈಮುಗಿದ.

"ಯಜಮಾನ್ರೆ, ಕುರಿ ಸಾಯದೆ ಇರೋ ಒಲೆ ಒಂದದೆ. ನಮ್ಮ ಗಾಡೀದು. ಅದಕ್ಕೆ ಕುರಿನೇ ಇಲ್ಲ."

ಪಂಚಾಯಿತಿ ಗಂಭೀರವಾಯಿತು. ಆ ಡ್ರಮ್ಮು ಒಲೆಯೋ ಅಲ್ಲವೋ ಎಂಬ ಚರ್ಚೆ ಶುರುವಾಯಿತು. ಒಲೆ ಎಂದರೆ ಮೂರು ಕಲ್ಲಿರಬೇಕು ಎಂದ ಒಬ್ಬ. ಬೂದಿ ಬಿಡುವುದೆಲ್ಲ ಒಲೆಯೇ ಎಂದ ಇನ್ನೊಬ್ಬ. ಕಡ್ಡಿ ಗೀರಿದ ಬೆಂಕಿ ಬೀಡಿಗೆ ಸರಿ, ಮನೆಗೆ ಆಗದು ಎಂದ ಮತ್ತೊಬ್ಬ. ಕೊನೆಗೆ, ಓದಿದವರು ಏನನ್ನುತ್ತಾರೋ ಎಂದು ನನ್ನ ಕಡೆ ತಿರುಗಿದರು. ಡ್ರಮ್ಮಿನೊಳಗೆ ಗ್ಯಾಸು ಹೇಗೆ ಹುಟ್ಟುತ್ತದೆ ಎಂಬುದನ್ನು ನಾನು ಏದುಸಿರು ಬಿಡುತ್ತ ವಿವರಿಸತೊಡಗಿದೆ. ದೊಡ್ಡಬೀರಪ್ಪ ಕೈಯೆತ್ತಿ, "ನೀವು ಚಕ್ರ ನಿಲ್ಲಿಸ್ಬ್ಯಾಡಿ ಸ್ವಾಮಿ" ಎಂದ.

ಆಮೇಲೆ ತೀರ್ಪು ಹೇಳಿದ: "ಇಷ್ಟು ದಿನ ನಮ್ಮ ಹಟ್ಟಿ ಕೆಂಡನೇ ಅದರೊಟ್ಟೆಗೆ ಓಗೈತೆ. ಅದು ಹಟ್ಟಿ ಒಲೆನೇ. ಅದರ ಬೆಂಕಿ ಆಗ್ತದೆ."

ಹೀಗೆ ಹೇಳುವುದರಿಂದ ತಾನೇ ಆ ಬಸ್ಸಿನಲ್ಲಿ ಕೂತು ಹೋದದ್ದೂ ಸರಿಯಾಗುತ್ತದೆ ಎಂಬುದು ಅವನ ಗಮನಕ್ಕೆ ಬಂದಿರಲಿಕ್ಕಿಲ್ಲ ಎಂದು ನಾನು ಹೇಳಲಾರೆ.

ದುರುಗಕ್ಕ ಒಲೆಗೆ ತಾನೇ ನೀರು ಹಾಕಿದಳು. ಎರ್ರಮ್ಮ ಆ ಕಡೆ ನೋಡಲಿಲ್ಲ. ಜಯಣ್ಣ ಡ್ರಮ್ಮಿನ ಕೆಳಬಾಗಿಲು ತೆರೆದು ಮೊರ ತುಂಬ ಕೆಂಡ ತೆಗೆದು ಕೊಟ್ಟ. ಕೆಂಡ ಮನೆಯೊಳಗೆ ಹೋದ ಮೇಲೆ ಮುದುಕಿ ಬಗ್ಗಿ ಮೂಸಿ, "ಎಣ್ಣೆ ನಾತ ಒಡೀತದೆ" ಎಂದಳು, ಆದರೆ ಊದಿದಳು. ನೆರೆಮನೆಯವಳು ಒಂದು ಕೊಡ ನೀರು ತಂದು ಹೊಸಲಿನ ಮೇಲಿಟ್ಟಳು. ನಮ್ಮ ಡ್ರಮ್ಮಿನಲ್ಲಿ ಬೆಂಕಿ ಕಡಿಮೆಯಾಗಿ ನಾವು ಏರು ಹತ್ತಿದ್ದು ತಳ್ಳಿಕೊಂಡೇ.

ಕುರಿಗಳಲ್ಲಿ ಕೆಲವು ಸತ್ತವು, ಕೆಲವು ಬದುಕಿದವು. ಎಲ್ಲ ಹಳ್ಳಿಗಳಲ್ಲೂ ಆದ ಹಾಗೆ. ಕದಿರಪ್ಪನವರು ಮುಚ್ಚಳಕ್ಕೆ ಸರಪಳಿ ಹಾಕಿಸಿ, ಜಯಣ್ಣನ ಉಳಿದ ಮೀಸೆಯನ್ನೂ ಬೋಳಿಸಿಕೊಳ್ಳುವಂತೆ ಹೇಳಿದರು. ಪ್ರಯಾಣಿಕರು ಅದನ್ನು ನೋಡಿ ಹೆದರುತ್ತಿದ್ದರಂತೆ.

ಮುಂದಿನ ಶುಕ್ರವಾರ ಬಸ್ಸು ಏರಿನಲ್ಲಿ ಎಂದಿನಂತೆ ನಿಂತಿತು. ದುರುಗಕ್ಕ ಬಾಗಿಲಲ್ಲೇ ಜಯಣ್ಣನ ಮೊರಕ್ಕೆ ಕೆಂಡ ಸುರಿದಳು. ಜಯಣ್ಣ ಬೆರಗಾದ.

"ಏನಕ್ಕ, ಇವತ್ತು ಶುಕ್ರವಾರ ಅಲ್ವ?"

"ಅದು ನನ್ನ ಬೆಂಕಿ ಅಲ್ಲ ಕಣಣ್ಣ, ನಿಮ್ಮ ಗಾಡೀದು. ನಿಮ್ಮದು ನಿಮಗೆ ಕೊಡಕ್ಕೆ ಶುಕ್ರವಾರ ಏನು, ಅಮಾಸೆ ಏನು?"

"ಅಂಗಾದ್ರೆ ಇನ್ಮೇಲೆ ನೀನು ಜತೆಗೆ ಬರೋ ಅಂಗಿಲ್ಲ ಅನ್ನು" ಎಂದ ಜಯಣ್ಣ, ಲೆಕ್ಕ ಸರಿಹೋಯಿತೆಂಬಂತೆ.

ದುರುಗಕ್ಕ ಒಳಗೆ ಹೋಗಿ ಕಂಬಳಿಗಳ ಗಂಟು ಹೊತ್ತು ಬಂದಳು. ಡ್ರೈವರ್ ಪಕ್ಕದ ಸೀಟಿನಲ್ಲಿ ಆಗಲೇ ಕೂತಿದ್ದ ನನ್ನನ್ನು ನೋಡಿದಳು. ನಾನು ಎದ್ದೆ.

"ಪರರ ಬೆಂಕಿ ಇಷ್ಟು ದಿನ ನಮ್ಮನೇಲಿಟ್ಕಂಡಿದ್ದೀನಿ," ಎಂದು ಕೂತುಕೊಂಡು ಸೀರೆ ಸರಿಮಾಡಿಕೊಂಡಳು. "ಅದು ಊರು ಸೇರ್ತೋ ಇಲ್ವೋ ಅಂತ ನೋಡ್ಬೇಕಾದೋಳು ನಾನಲ್ವೇನಪ್ಪ? ಸ್ವಾಮಿ, ನೀವು ಹಿಂದಕ್ಕೆ ಓಗಿ ಚಕ್ರ ತಿರುಗ್ಸಿ, ಹೊತ್ತಾಯ್ತದೆ."