ಖಾಲಿ ಕಾರ್ಡಿನ ಸಹಿ

ಈರಣ್ಣ, ಆ ಕಾರ್ಡಿನಲ್ಲಿ ಸುಳ್ಳು ಬರೆದವನು ನಾನು. ನಿನ್ನದು ಬರೀ ಸಹಿ. ನಿನಗೆ ಇದು ಅಂದೇ ಗೊತ್ತಿತ್ತು — ಆದರೂ ನಾನು ಬಾಯಿಬಿಟ್ಟು ಹೇಳಲು ಇಷ್ಟು ವರ್ಷ ಬೇಕಾಯಿತು.

ಓದುವ ಬೇರೆಯವರಿಗೂ ತಿಳಿಯಲಿ ಎಂದು ಮೊದಲಿನಿಂದ ಹೇಳುತ್ತೇನೆ. ತೊಂಬತ್ತರ ದಶಕದ ಕೊನೆ. ದುಬೈನ ಅಲ್ ಕುಸೈಸ್‌ನಲ್ಲಿ ನಮ್ಮ ಕಂಪನಿ ನೋಡಿಕೊಳ್ಳುತ್ತಿದ್ದ ಫ್ಯಾಮಿಲಿ ಫ್ಲ್ಯಾಟುಗಳ ಕಟ್ಟಡ. ನಾನು ಎ.ಸಿ. ಸೂಪರ್‌ವೈಸರ್, ನೀನು ನನ್ನ ಕೈಕೆಳಗಿನ ಟೆಕ್ನಿಷಿಯನ್. ಇಬ್ಬರೂ ಗದಗಿನ ಕಡೆಯವರು, ನಿನ್ನನ್ನು ಅಲ್ಲಿಗೆ ಕರೆತಂದವನೂ ನಾನೇ. ದಿನವಿಡೀ ನಿನ್ನ ಕೈ ತುಂಬ ಎಣ್ಣೆ, ಮಸಿ. ಅದಕ್ಕೆ ಬೆಳಗ್ಗೆ ವ್ಯಾನ್ ಹತ್ತುವ ಮುಂಚೆಯೇ ನೀನು ಖಾಲಿ ಜಾಬ್ ಕಾರ್ಡುಗಳಿಗೆಲ್ಲ ಸಹಿ ಹಾಕಿ ಕೊಡುತ್ತಿದ್ದೆ, ಸಂಜೆ ನಾನು ಕೆಲಸದ ವಿವರ ತುಂಬುತ್ತಿದ್ದೆ. ಕ್ಯಾಂಪಿನಲ್ಲಿ ಎಲ್ಲರೂ ಹಾಗೇ. ನಂಬಬೇಕೋ ಬೇಡವೋ ಎಂಬ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ.

ಮೂರನೇ ಮಹಡಿಯಲ್ಲಿ ಪುತ್ತೂರಿನ ಕಡೆಯ ಒಬ್ಬ ಟೀಚರ್ ಇದ್ದರು. ಧೂಳಿನ ಗಾಳಿ ಎದ್ದಾಗಲೆಲ್ಲ ಅವರ ಮಗನಿಗೆ ಉಬ್ಬಸ. ಎಂಜಿನಿಯರ್ ಸಾಹೇಬರು ಎರಡು ಕೆಲಸ ಹೇಳಿದ್ದರು: ಹಳೆಯ ತೆಳು ಜಾಲರಿ ತೆಗೆದು, ಸಣ್ಣ ಧೂಳನ್ನೂ ಹಿಡಿಯುವ ದಪ್ಪ ಫಿಲ್ಟರ್ ಹಾಕುವುದು, ಜೊತೆಗೆ, ಮನೆಯ ಗಾಳಿಯನ್ನು ವಾಪಸ್ ಎಳೆದುಕೊಳ್ಳುವ ರಿಟರ್ನ್ ಡಕ್ಟಿಗೆ ಪ್ಯಾಸೇಜಿನಲ್ಲಿ ಇನ್ನೊಂದು ಬಾಯಿ ಕತ್ತರಿಸುವುದು. ಮೊದಲನೆಯದು ಹತ್ತು ನಿಮಿಷದ ಕೆಲಸ. ಎರಡನೆಯದಕ್ಕೆ ಫಾಲ್ಸ್ ಸೀಲಿಂಗ್ ಬಿಚ್ಚಬೇಕು, ಒಂದು ಮಧ್ಯಾಹ್ನ ಬೇಕು. ಗುರುವಾರದೊಳಗೆ ಇಡೀ ಕಟ್ಟಡ ಮುಗಿಸಿದರೆ ನನ್ನನ್ನು ಫೋರ್‌ಮನ್ ಮಾಡುವ ಮಾತಿತ್ತು. "ಫಿಲ್ಟರ್ ಅಷ್ಟ ಹಾಕೋ. ಯಲ್ಲಾ, ನಡಿ ಮುಂದಿನ ಫ್ಲ್ಯಾಟಿಗೆ" ಅಂದೆ.

ನೀನು ಏಣಿಯ ಮೇಲಿನಿಂದಲೇ ಹೇಳಿದೆ: "ಅಣ್ಣಾರ, ದಪ್ಪ ಫಿಲ್ಟರಿಗೆ ಇನ್ನೊಂದ ಬಾಯಿ ಬೇಕ ಬೇಕ್ರಿ. ಇಲ್ಲಾಂದ್ರ ಮಷಿನ್ನಿಗೆ ಉಸರ ಕಟ್ಟತೈತಿ, ಕಾಯಿಲ್ ಮ್ಯಾಲೆ ಬರ್ಫ ಕೂಡತೈತಿ."

"ಶನಿವಾರ ನೋಡೋಣಂತ ಬಿಡೋ."

ಆ ಶನಿವಾರ ಬರಲೇ ಇಲ್ಲ. ಸಂಜೆ ನಿನ್ನ ಸಹಿಯಿದ್ದ ಕಾರ್ಡಿನಲ್ಲಿ 'ಫಿಲ್ಟರ್, ರಿಟರ್ನ್ — ಎರಡೂ ಆಗಿದೆ' ಎಂದು ಬರೆದೆ. ಚಹಾ ಕುಡಿಯುತ್ತಾ ಬರೆದೆ.

ನೀನು ಹೇಳಿದಂತೆಯೇ ಆಯಿತು. ಗಾಳಿ ಸಾಲದೆ, ತಂಪು ಮಾಡುವ ಕಾಯಿಲ್ ಮೇಲೆ ಮಂಜು ಹೆಪ್ಪುಗಟ್ಟಿತು; ಎ.ಸಿ. ಆಫ್ ಮಾಡಿದಾಗಲೆಲ್ಲ ಅದು ಕರಗಿ ನೀರು ಹುಡುಗನ ಕೋಣೆಯ ಸೀಲಿಂಗಿಗೆ ಇಳಿಯಿತು. ಒಂದು ಬೆಳಗ್ಗೆ ನೆನೆದ ಹಲಗೆ ಕಳಚಿ ಅವನ ಮಂಚದ ಮೇಲೆ ಬಿತ್ತು. ಅವನು ಶಾಲೆಗೆ ಹೋಗಿದ್ದ — ಅಷ್ಟೇ ಪುಣ್ಯ.

ಸಾಹೇಬರು ಕಾರ್ಡನ್ನು ಮೇಜಿನ ಮೇಲಿಟ್ಟು, ಮಾಡದ ಕೆಲಸವನ್ನು ಮಾಡಿದೆ ಅಂದವರು ಯಾರು ಎಂದು ಕೇಳಿದರು. ಟೆಕ್ನಿಷಿಯನ್ ಹೇಳಿದ್ದನ್ನು ಸೂಪರ್‌ವೈಸರ್ ಬರೆಯುವುದು ಅಲ್ಲಿಯ ರೂಢಿ. ಅದರ ಹಿಂದೆ ಅಡಗಿಕೊಂಡೆ. "ಇವನು ಆಗಿದೆ ಅಂದ ಸರ್, ನಾನು ಬರೆದೆ."

ನೀನು ನನ್ನ ಮುಖ ನೋಡಿದೆ. ನಾನೇ ಮಾತು ಹಿಂದಕ್ಕೆ ತಗೊಳ್ಳುತ್ತೇನೆಂದು ಕಾದೆಯೇನೋ... ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ. ನೀನು, "ಸಹಿ ನಂದ ಐತ್ರಿ" ಎಂದಷ್ಟೇ ಹೇಳಿದೆ.

ಅಲ್ಲಿಗೆ ಖಲಾಸ್. ವಾರದೊಳಗೆ ನಿನ್ನ ವೀಸಾ ಕ್ಯಾನ್ಸಲ್. ನಾನು ಏರ್‌ಪೋರ್ಟಿಗೂ ಬಂದೆ — ಯಾವ ಮುಖ ಹೊತ್ತು ಬಂದೆನೋ. ಟ್ರಾಲಿ ತಳ್ಳುತ್ತಾ ನೀನು ಕೇಳಿದ್ದು ಒಂದೇ: "ಆ ಟೀಚರ್ ಮನ್ಯಾಗ ಇನ್ನೊಂದ ಬಾಯಿ ತಗಸ್ತೀರಿಲ್ರಿ, ಅಣ್ಣಾರ? ಕೂಸಿನ ಮನಿ ಐತಿ."

ಮರುದಿನ ನಾನೇ ಹೋಗಿ ಕತ್ತರಿಸಿದೆ. ಊಟವಾದ ಮೇಲೆ ಶುರು ಮಾಡಿದ್ದು, ಸಂಜೆಯ ಬಾಂಗ್ ಕೇಳುವ ಮುಂಚೆ ಮುಗಿಯಿತು. ಅಷ್ಟೇ ಕೆಲಸ. ಟೀಚರ್ ಚಹಾ ಕೊಟ್ಟು, "ಈಗ ಗಾಳಿ ಎಷ್ಟು ಚಂದ ಬರ್ತದೆ ಮಾರಾಯ್ರೆ! ಆ ಮೊದಲಿನವ ಎಂಥ ಜನ!" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಇದನ್ನು ನಿನಗೆ ಯಾರೂ ಹೇಳಿರಲಾರರು, ಈರಣ್ಣ. ಕಾರ್ಡಿಗಿಂತ ಈ ತಲೆಯಾಡಿಸಿದ್ದಕ್ಕೇ ನನಗೆ ಹೆಚ್ಚು ನಾಚಿಕೆ.

ಫೋರ್‌ಮನ್ ಆದೆ. ರಜೆಗೆ ಊರಿಗೆ ಬಂದಾಗ ನಿನ್ನ ಮಾವನವರು ಕಟ್ಟೆಯ ಮೇಲೆ ನಾಲ್ಕು ಜನರೆದುರು ಕೇಳಿದರು — "ನಮ್ಮ ಅಳಿಯ ಕಳ್ಳ ಕೆಲಸ ಮಾಡಿ ಸಿಕ್ಕಬಿದ್ನಂತ, ಖರೇ ಏನ್ರಿ?" ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಎದೆಯಲ್ಲಿ ಏನೂ ಆಗಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೆ ಹೇಗೋ, ಹಾಗೆ. ಈಗಲೂ ಅಳು ಬರುವುದಿಲ್ಲ. ಬರುವಂತಿದ್ದರೆ ಈ ಕಾಗದ ಎಂದೋ ನಿನ್ನ ಕೈ ಸೇರುತ್ತಿತ್ತೇನೋ.

ಕ್ಷಮಿಸು ಎನ್ನುವುದಿಲ್ಲ. ಇದನ್ನೇ ಇಂಗ್ಲಿಷಿನಲ್ಲಿ ಬರೆಸಿ ಸಾಹೇಬರಿಗೂ ಕಳಿಸಿದ್ದೇನೆ. ಬರುವ ತಿಂಗಳು ಊರಿಗೆ ಬಂದು, ನಿನ್ನ ಮಾವನವರು ಕೇಳಿದ ಆ ಕಟ್ಟೆಯ ಮೇಲೆಯೇ ನಿಂತು ಓದುತ್ತೇನೆ. ಪೂರ್ತಿ ಬರೆದು, ಎರಡು ಸಲ ಓದಿ ನೋಡಿ, ಆಮೇಲೆ ಕೆಳಗೆ ನನ್ನ ಸಹಿ ಹಾಕಿದ್ದೇನೆ.